ಅರ್ಧ ಭಾರದ ನಡಿಗೆ

ಹೆಲಿಕಾಪ್ಟರಿಗೆ ಗಾಲಿ ಯಾಕೆ ಎಂದು ಕೇಳುವವರಿದ್ದಾರೆ. ನಿಂತ ಜಾಗದಿಂದಲೇ ನೆಟ್ಟಗೆ ಮೇಲೇಳಬಲ್ಲ ಯಂತ್ರಕ್ಕೆ ನೆಲದ ಮೇಲೆ ಉರುಳಿಕೊಂಡು ಹೋಗುವ ದರ್ದೇನು? ಫ್ಲೈಟ್ ಸಿಮ್ಯುಲೇಟರ್ ಹಿಡಿದು ಕೂತವರಲ್ಲಿ ಹೆಚ್ಚಿನವರ ನಡವಳಿಕೆಯೂ ಈ ಪ್ರಶ್ನೆಯಂತೆಯೇ ಇರುತ್ತದೆ. ಎಂಜಿನ್ ಓಡುತ್ತ, ರೋಟರ್ ತಿರುಗುತ್ತ ಸಿದ್ಧವಾಗಿರುವ ಹೆಲಿಕಾಪ್ಟರಿನಲ್ಲೇ ಶುರುಮಾಡಿ, ಎರಡು ನಿಮಿಷ ಕಳೆಯುವಷ್ಟರಲ್ಲಿ ಬೆಟ್ಟದಾಚೆ ಇರುತ್ತಾರೆ. ಟ್ಯಾಕ್ಸಿ ಮಾಡುವುದೆಂದರೆ, ಅಂದರೆ ನಿಲ್ದಾಣದೊಳಗೆ ಗಾಲಿಯ ಮೇಲೆ ನಡೆಯುವುದೆಂದರೆ, ಅವರಿಗೆ ಊಟಕ್ಕೆ ಮುಂಚಿನ ಕೈತೊಳೆಯುವ ಕೆಲಸ. ನನ್ನ ರುಚಿ ಬೇರೆ. ಹಾರಾಟದಲ್ಲಿ ಹೆಲಿಕಾಪ್ಟರ್ ಏನೆಂಬುದು ಗೊತ್ತಾಗುತ್ತದೆ, ನಿಜ. ಆದರೆ ಅದು ಎಷ್ಟು ವಿಚಿತ್ರವಾದ ವಸ್ತು ಎಂಬುದು ಗೊತ್ತಾಗುವುದು ನೆಲದ ಮೇಲೆಯೇ. ಪೂರ್ತಿ ನೆಲದ್ದೂ ಅಲ್ಲದ, ಇನ್ನೂ ಗಾಳಿಯದ್ದೂ ಆಗದ ಒಂದು ಸ್ಥಿತಿ ಅಲ್ಲಿದೆ. ಕೈಯಲ್ಲೊಂದು ಬ್ರೇಕಿನ ಹಿಡಿಕೆ ಇದ್ದರೆ ಆ ಸ್ಥಿತಿಯಲ್ಲಿ ಬೇಕಾದಷ್ಟು ಹೊತ್ತು ಇರಬಹುದು.

ಈ ರುಚಿಗೆ ತಕ್ಕ ಯಂತ್ರ ಎಂಐ-8. ಸೋವಿಯತ್ ವಿನ್ಯಾಸಕಾರ ಮಿಖಾಯಿಲ್ ಮಿಲ್ ಅವರ ಕಚೇರಿಯಲ್ಲಿ ಹುಟ್ಟಿ 1961ರಲ್ಲಿ ಮೊದಲ ಬಾರಿ ಹಾರಿದ ಇದರ ವಂಶ ಇವತ್ತಿಗೂ ಬೆಳೆಯುತ್ತಲೇ ಇದೆ. ನಮ್ಮ ವಾಯುಪಡೆಯ ಎಂಐ-17 ಇದರದೇ ಕುಡಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದಾಗ ದೊಡ್ಡ ಚೀಲಗಳಲ್ಲಿ ನೀರು ತಂದು ಸುರಿದದ್ದು ಅವೇ ಹೆಲಿಕಾಪ್ಟರುಗಳು. ಡಿಸಿಎಸ್ ವರ್ಲ್ಡ್ ಎಂಬ ಸಿಮ್ಯುಲೇಟರಿಗೆ ಎಂಐ-8ರ ಎಂಟಿವಿ-2 ಮಾದರಿ ಬಂದದ್ದು 2013ರಲ್ಲಿ. ಕಾಕಸಸ್ ಸೀಮೆಯ ನಕ್ಷೆಯಲ್ಲಿ ಕಪ್ಪು ಸಮುದ್ರದ ದಂಡೆಗೇ ಇರುವ ಬಟೂಮಿ ವಿಮಾನ ನಿಲ್ದಾಣದಲ್ಲಿ ಅದನ್ನು ನಿಲ್ಲಿಸಿಕೊಂಡರೆ ಒಂದು ಕಡೆ ನೀರು, ಇನ್ನೊಂದು ಕಡೆ ಬೆಟ್ಟ, ನಡುವೆ ಉದ್ದನೆಯ ಕಾಂಕ್ರೀಟು. ಇಷ್ಟು ಸಾಕು.

ಎಂಐ-8ರ ಗಾಲಿಗಳ ಏರ್ಪಾಡು ಸರಳ. ಮೂತಿಯ ಕೆಳಗೆ ಎರಡು ಚಿಕ್ಕ ಗಾಲಿಗಳ ಒಂದು ಜೋಡಿ, ಹಿಂದೆ ಎಡಬಲಕ್ಕೆ ಒಂದೊಂದು ದೊಡ್ಡ ಗಾಲಿ. ಮುಂದಿನ ಜೋಡಿ ತನ್ನ ಪಾಡಿಗೆ ಯಾವ ಕಡೆಗಾದರೂ ತಿರುಗುತ್ತದೆ. ಅದನ್ನು ತಿರುಗಿಸಲು ಪೈಲಟ್ ಕೈಯಲ್ಲಿ ಏನೂ ಇಲ್ಲ. ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಅದರ ಹಿಡಿಕೆ ಸೈಕ್ಲಿಕ್ ಸ್ಟಿಕ್ಕಿನ, ಅಂದರೆ ರೋಟರನ್ನು ಬೇಕಾದ ಕಡೆಗೆ ಬಾಗಿಸುವ ಬಲಗೈಯ ಕೋಲಿನ ಮೇಲೆಯೇ, ಬೆರಳು ಮಡಚಿದರೆ ಸಿಗುವಷ್ಟು ಹತ್ತಿರ. ಹಿಡಿಕೆಯನ್ನು ಅದುಮಿದರೆ ಬಾಟಲಿಯಲ್ಲಿ ಒತ್ತಿಟ್ಟ ಗಾಳಿ ಕೊಳವೆಗಳ ಮೂಲಕ ಗಾಲಿಗೆ ಹೋಗಿ ಬ್ರೇಕನ್ನು ಒತ್ತುತ್ತದೆ. ಬಿಟ್ಟರೆ ಆ ಗಾಳಿ ಹೊರಗೆ ನುಗ್ಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನಿಂತು ಹೊರಡುವಾಗ ಕೇಳುವ ಆ "ಟುಸ್ಸ್" ಸದ್ದೇ ಇದು. ಎರಡರಲ್ಲೂ ಕೆಲಸ ಮಾಡುವುದು ಒತ್ತಿದ ಗಾಳಿಯೇ ಆದ್ದರಿಂದ ಸದ್ದೂ ಒಂದೇ ಜಾತಿ. ಸಿಮ್ಯುಲೇಟರ್ ಮಾಡಿದವರು ಈ ಸದ್ದನ್ನು ಮರೆತಿಲ್ಲ. ಎರಡು ಟರ್ಬೈನುಗಳ ಕೂಗು, ತಲೆಯ ಮೇಲಿನ ಐದು ಬ್ಲೇಡುಗಳ ಬಡಿತ, ಗೇರ್‌ಬಾಕ್ಸಿನ ಗೊಣಗು, ಇವುಗಳ ನಡುವೆ ಈ ಚಿಕ್ಕ ನಿಟ್ಟುಸಿರು. ನನ್ನ ಕೇಳಿಕೆಯಲ್ಲಿ ಇಡೀ ಎಂಐ-8ರಲ್ಲಿ ಇದಕ್ಕಿಂತ ಒಳ್ಳೆಯ ಸದ್ದು ಇನ್ನೊಂದಿಲ್ಲ.

ಬ್ರೇಕ್ ಹಿಡಿದು ರೋಟರನ್ನು ಪೂರ್ತಿ ವೇಗಕ್ಕೆ ತಂದುಕೊಂಡ ಗಳಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸುಮಾರು 21 ಮೀಟರ್ ಅಗಲದ ಚಕ್ರ ನಿಮಿಷಕ್ಕೆ 190ರ ಆಸುಪಾಸಿನಲ್ಲಿ ಸುತ್ತುತ್ತಿದೆ. ಅಂದರೆ ಸೆಕೆಂಡಿಗೆ ಮೂರು ಸುತ್ತಿಗೆ ಮೇಲೆ. ಐದು ಬ್ಲೇಡುಗಳ ಲೆಕ್ಕ ಹಿಡಿದರೆ ಪ್ರತಿ ಸೆಕೆಂಡೂ ಹದಿನೈದು ಹದಿನಾರು ಸಲ ಒಂದೊಂದು ಬ್ಲೇಡು ನೆತ್ತಿಯ ಮೇಲೆ ಹಾದುಹೋಗುತ್ತದೆ. ಕಾಕ್‌ಪಿಟ್ಟು ತೂಗುತ್ತದೆ. ಗಡಿಯಾರಗಳ ಮುಳ್ಳುಗಳು ಅದುರುತ್ತವೆ. ಎಡಗೈಯ ಕಲೆಕ್ಟಿವ್, ಅಂದರೆ ಎಲ್ಲ ಬ್ಲೇಡುಗಳ ಓರೆಯನ್ನು ಒಟ್ಟಿಗೆ ಬದಲಿಸುವ ಕೋಲು, ಇನ್ನೂ ಕೆಳಗೇ ಇದೆ, ಬ್ಲೇಡುಗಳು ಹೆಚ್ಚುಕಡಿಮೆ ಮಟ್ಟಸವಾಗಿ ಗಾಳಿಯನ್ನು ಕೊಯ್ಯುತ್ತಿವೆ, ಎತ್ತುತ್ತಿಲ್ಲ. ಹನ್ನೊಂದು ಟನ್ನಿನ ಭಾರ ಪೂರ್ತಿ ಗಾಲಿಗಳ ಮೇಲೆ. ಈಗ ಕಲೆಕ್ಟಿವನ್ನು ಒಂದಿಷ್ಟು ಎತ್ತಿದರೆ ಮೊದಲು ಬದಲಾಗುವುದು ಶಾಕ್ ಅಬ್ಸಾರ್ಬರುಗಳು. ಕುಗ್ಗಿ ಕೂತಿದ್ದ ಕಾಲುಗಳು ಮೆಲ್ಲಗೆ ಉದ್ದವಾಗುತ್ತವೆ, ಕಣ್ಣಿನ ಮಟ್ಟ ಒಂದು ಗೇಣು ಮೇಲೇರಿದಂತೆ ತೋರುತ್ತದೆ, ಕಾಕ್‌ಪಿಟ್ಟಿನ ತೂಗಾಟದ ಗತಿ ಬೇರೆಯಾಗುತ್ತದೆ. ಹೆಲಿಕಾಪ್ಟರ್ ಕದಲಿಲ್ಲ. ಆದರೆ ಅದರ ಭಾರದಲ್ಲಿ ಅರ್ಧದಷ್ಟನ್ನು ಗಾಳಿ ಹೊತ್ತುಕೊಂಡಾಯಿತು.

ಇಲ್ಲಿಂದ ಸ್ಟಿಕ್ಕನ್ನು ಒಂದು ಕೂದಲೆಳೆಯಷ್ಟು ಮುಂದೆ ಕೊಟ್ಟರೆ ನೆತ್ತಿಯ ಮೇಲಿನ ತಟ್ಟೆ ಮುಂದಕ್ಕೆ ಬಾಗುತ್ತದೆ. ಮೇಲಿನ ಗಾಜಿನ ಅಂಚಿನಲ್ಲಿ ಬ್ಲೇಡುಗಳ ತುದಿಯ ಗೆರೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಸರಳವಾಗಿ ಲೆಕ್ಕ ಹಾಕೋಣ: ರೋಟರ್ ಐದೂವರೆ ಟನ್ ಹೊತ್ತಿದ್ದು ಮೂರು ಡಿಗ್ರಿ ಮುಂದಕ್ಕೆ ಬಾಗಿದರೆ, ಮುಂದಕ್ಕೆ ಸಿಗುವ ಎಳೆತ ಸುಮಾರು 290 ಕಿಲೋ. ಹನ್ನೊಂದು ಟನ್ನಿಗೆ ಇನ್ನೂರ ತೊಂಬತ್ತು ಕಿಲೋ! ಗಾಲಿಗೆ ಎಂಜಿನ್ನಿನ ಸಂಬಂಧವೇ ಇಲ್ಲ ಎಂಬುದನ್ನು ನೆನಪಿಡಬೇಕು. ಅವು ಸುಮ್ಮನೆ ಉರುಳುವ ಗಾಲಿಗಳು. ಯಂತ್ರವನ್ನು ನಡೆಸುವುದು ಆಕಾಶದಲ್ಲಿ ತಿರುಗುತ್ತಿರುವ ಒಂದು ವಸ್ತುವಿನ ಓಲು. ಬ್ರೇಕ್ ಬಿಡುತ್ತೀರಿ, ನಿಟ್ಟುಸಿರು ಕೇಳುತ್ತದೆ, ಕ್ಷಣ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಕಾಂಕ್ರೀಟಿನ ಗೆರೆಗಳು ಮೂತಿಯ ಕೆಳಗೆ ಸರಿಯತೊಡಗುತ್ತವೆ. ಏನೂ ಆಗದ ಆ ಒಂದು ಕ್ಷಣದ ಸಲುವಾಗಿಯೇ ನಾನು ಟ್ಯಾಕ್ಸಿ ಮಾಡುವುದು ಎಂದರೂ ನಡೆದೀತು. ಅವಸರದವರು ಅದನ್ನು ಕಾಯದೆ ಸ್ಟಿಕ್ಕನ್ನು ಇನ್ನಷ್ಟು ತಳ್ಳುತ್ತಾರೆ. ಹೊರಟ ಮೇಲೆ ಅದು ಬೇಕಾದ್ದಕ್ಕಿಂತ ಜೋರಾಗಿ ಹೊರಟಿರುತ್ತದೆ.

ಇನ್ನು ಬ್ರೇಕಿನ ಮಾತು. ಕಾರು ಓಡಿಸಿದವರು ಇಲ್ಲಿ ತಪ್ಪು ತಿಳಿಯುವುದು ಸಹಜ: ಹಿಡಿಕೆ ಎಷ್ಟು ಅದುಮಿದರೆ ಅಷ್ಟು ನಿಲುಗಡೆ ಎಂದು. ಟೈರು ನೆಲವನ್ನು ಹಿಡಿಯುವುದು ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ. ರೋಟರ್ ಅರ್ಧ ಭಾರ ಹೊತ್ತಿದ್ದರೆ ಬ್ರೇಕಿಗೂ ಅರ್ಧವೇ ಹಿಡಿತ. ಕಲೆಕ್ಟಿವ್ ಇನ್ನೂ ಮೇಲಿದ್ದು ಗಾಲಿ ನೆಲವನ್ನು ಸವರುತ್ತಿದ್ದರೆ, ಗಾಲಿಯನ್ನು ಬಿಗಿದು ನಿಲ್ಲಿಸಿದರೂ ಹೆಲಿಕಾಪ್ಟರ್ ಜಾರಿಕೊಂಡು ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹೀಗಾಗಿ ಇಲ್ಲಿ ಬ್ರೇಕಿನ ಬಲ ಇರುವುದು ಬಲಗೈಯ ಹಿಡಿಕೆಯಲ್ಲಿ ಅಲ್ಲ, ಎಡಗೈಯ ಕಲೆಕ್ಟಿವಿನಲ್ಲಿ. ಮೊದಲು ಭಾರವನ್ನು ನೆಲಕ್ಕೆ ಒಪ್ಪಿಸಬೇಕು, ಆಮೇಲೆ ನೆಲವನ್ನು ಹಿಡಿಯಬೇಕು. ಹಾಗೆಂದು ಕಲೆಕ್ಟಿವನ್ನು ಪೂರ್ತಿ ಇಳಿಸಿ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ನಿಲ್ಲಿಸುವ ಚಪಲ ಒಳ್ಳೆಯದಲ್ಲ. ಎತ್ತುವ ಬಲವಿಲ್ಲದ ಬ್ಲೇಡುಗಳು ಸಡಿಲವಾಗಿ ಬಾಗುತ್ತವೆ. ನಿಜವಾದ ಹೆಲಿಕಾಪ್ಟರಿನಲ್ಲಿ ಅವು ಹಿಂದಿನ ಬಾಲದ ಕಂಬವನ್ನೇ ಹೊಡೆದ ಉದಾಹರಣೆಗಳಿವೆ. ಕಲೆಕ್ಟಿವ್ ಕಡಿಮೆಯಾದರೆ ಸ್ಟಿಕ್ಕು ಅಪಾಯ, ಹೆಚ್ಚಾದರೆ ಬ್ರೇಕು ನಿರುಪಯೋಗ. ಇವೆರಡರ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನಡೆಯುವುದೇ ಟ್ಯಾಕ್ಸಿಯ ಸೊಗಸು. ಓಣಿ ಅಗಲವಾಗಿದ್ದಿದ್ದರೆ ನನಗೆ ಇಷ್ಟು ಇಷ್ಟವಾಗುತ್ತಿರಲಿಲ್ಲ.

ತಿರುಗುವುದು ಇನ್ನೂ ರುಚಿಕಟ್ಟು. ಮೂತಿಯ ಗಾಲಿ ಮಾತು ಕೇಳುವುದಿಲ್ಲ, ಬ್ರೇಕು ಎರಡೂ ಗಾಲಿಗೆ ಒಟ್ಟಿಗೇ ಹೋಗುತ್ತದೆ. ಉಳಿದದ್ದು ಪಾದದ ಪೆಡಲುಗಳು. ಅವು ಬಾಲದ ತುದಿಯ ಪುಟ್ಟ ರೋಟರನ್ನು ಆಳುತ್ತವೆ. ಅಂದರೆ ಹೆಲಿಕಾಪ್ಟರನ್ನು ತಿರುಗಿಸುವುದು ಬಾಲವನ್ನು ಪಕ್ಕಕ್ಕೆ ತಳ್ಳುವ ಮೂಲಕ; ಮುಂದಿನ ಗಾಲಿ ಹಿಂದಿನ ಈ ತಳ್ಳುವಿಕೆಗೆ ಒಪ್ಪಿಕೊಂಡು ಓರೆಯಾಗುತ್ತದೆ ಅಷ್ಟೆ. ಎಂಐ-8ರ ಮುಖ್ಯ ರೋಟರ್, ಮೇಲಿನಿಂದ ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಆದ್ದರಿಂದ ಕಲೆಕ್ಟಿವ್ ಎತ್ತಿದಾಗೆಲ್ಲ ಮೂತಿ ಎಡಕ್ಕೆ ಹೋಗಲು ನೋಡುತ್ತದೆ, ಬಲ ಪಾದ ಅದನ್ನು ತಡೆಯುತ್ತಿರಬೇಕು. ಅಮೆರಿಕದ ಹೆಲಿಕಾಪ್ಟರುಗಳಲ್ಲಿ ಪಳಗಿದ ಪಾದಗಳಿಗೆ ಇದು ತಿರುಗುಮುರುಗು; ಅಲ್ಲಿ ರೋಟರ್ ಎದುರು ದಿಕ್ಕಿಗೆ ಸುತ್ತುವುದರಿಂದ ಕೆಲಸ ಎಡ ಪಾದದ್ದು.

ಈ ಒಂದು ಸಂಗತಿಯಿಂದ ಎಂಐ-8ರ ಎಡ ತಿರುವಿಗೂ ಬಲ ತಿರುವಿಗೂ ಸ್ವಭಾವವೇ ಬೇರೆಯಾಗುತ್ತದೆ. ಎಡಕ್ಕೆ ತಿರುಗಲು ಬಲ ಪಾದವನ್ನು ಸ್ವಲ್ಪ ಸಡಿಲಿಸಿದರೆ ಸಾಕು, ಯಂತ್ರ ತಾನೇ ಹೊರಳುತ್ತದೆ. ಬಲಕ್ಕೆ ತಿರುಗುವಾಗ ಬಾಲದ ರೋಟರ್ ಹೆಚ್ಚು ದುಡಿದು ಬಾಲವನ್ನು ಎಡಕ್ಕೆ ನೂಕಬೇಕು. ಆ ರೋಟರ್ ಇರುವುದು ನೆಲದಿಂದ ಬಹಳ ಮೇಲೆ. ಹಾಗಾಗಿ ನೂಕಿದಾಗ ಇಡೀ ಮೈ ಎಡಕ್ಕೆ ವಾಲುತ್ತದೆ. ತಿರುವಿನ ರಭಸವೂ ಹೊರಗೆ, ಅಂದರೆ ಎಡಕ್ಕೇ, ತಳ್ಳುತ್ತದೆ. ಎರಡು ತಳ್ಳಾಟ ಒಂದಾಗುವುದರಿಂದ ಬಲ ತಿರುವನ್ನು ಇನ್ನಷ್ಟು ಮೆಲ್ಲಗೆ, ಸ್ಟಿಕ್ಕನ್ನು ತಿರುವಿನ ಒಳಮಗ್ಗುಲಿಗೆ ಓಲಿಸಿಕೊಂಡು ಮಾಡಬೇಕು. ತಿರುಗುವ ಮೊದಲೇ ಬ್ರೇಕಿನಿಂದ ವೇಗ ಕಳೆದುಕೊಂಡಿರಬೇಕು, ತಿರುವಿನ ಮಧ್ಯದಲ್ಲಿ ಅಲ್ಲ. ಟ್ಯಾಕ್ಸಿವೇಯ ಹಳದಿ ಗೆರೆ ಮೂತಿಯ ಗಾಜಿನ ಕೆಳಗಿನಿಂದ ಸರಿದು ಪಕ್ಕಕ್ಕೆ ಬಂದು ಮತ್ತೆ ನಡುವಿಗೆ ಸೇರುವ ಆ ಹೊತ್ತಿನಲ್ಲಿ ಎರಡು ಕೈ, ಎರಡು ಕಾಲು, ಒಂದು ಬೆರಳು, ಎಲ್ಲಕ್ಕೂ ಬೇರೆ ಬೇರೆ ಕೆಲಸ. ಹೊರಗಿನಿಂದ ನೋಡಿದವರಿಗೆ ಮಾತ್ರ ಒಂದು ದಪ್ಪ ಹೆಲಿಕಾಪ್ಟರ್ ಮೂಲೆ ತಿರುಗಿತು ಅಷ್ಟೆ.

ಸಿಮ್ಯುಲೇಟರಿನಲ್ಲಿ ಇದೆಲ್ಲ ಎಷ್ಟರ ಮಟ್ಟಿಗೆ ಸಿಕ್ಕೀತು? ಸುಮ್ಮನೆ ಹೊಗಳಬಾರದು. ಡಿಸಿಎಸ್‌ನಲ್ಲಿ ಕೀಬೋರ್ಡಿನ ಡಬ್ಲ್ಯೂ ಕೀಲಿಯೇ ಗಾಲಿಯ ಬ್ರೇಕು. ಅದು ಒತ್ತಿದರೆ ಇದೆ, ಬಿಟ್ಟರೆ ಇಲ್ಲ ಎನ್ನುವ ಜಾತಿಯದು. ರುಚಿಯ ಮಾತೇ ಇಲ್ಲ. ಮೂತಿ ಮುಗ್ಗರಿಸಿ ನಿಲ್ಲುತ್ತದೆ, ಬಿಟ್ಟರೆ ಹಿಂದಕ್ಕೆ ತೂಗುತ್ತದೆ. ಎಷ್ಟು ಅದುಮಿದರೆ ಅಷ್ಟು ಎನ್ನುವಂಥ ಯಾವುದಾದರೂ ಹಿಡಿಕೆಗೋ ಪೆಡಲಿಗೋ ಬ್ರೇಕನ್ನು ಜೋಡಿಸಿಕೊಂಡರೆ ಮಾತ್ರ ಒತ್ತಡದ ಗಡಿಯಾರದ ಮುಳ್ಳು ಬೆರಳಿನ ಜೊತೆ ಏರಿಳಿಯುವುದು ಕಾಣುತ್ತದೆ. ಜಾಯ್‌ಸ್ಟಿಕ್ ಕೊಳ್ಳುವವರು ಗುಂಡಿಗಳ ಸಂಖ್ಯೆ ಎಣಿಸುವ ಬದಲು ಕಿರುಬೆರಳಿಗೆ ಸಿಗುವ ಒಂದು ಹಿಡಿಕೆ ಇದೆಯೇ ಎಂದು ನೋಡುವುದು ಜಾಣತನ ಎಂದು ನನ್ನ ಅಭಿಪ್ರಾಯ. ನಿಜವಾದ ಪೈಲಟ್ ಸೊಂಟದಿಂದ, ಬೆನ್ನಿನಿಂದ ತಿಳಿಯುವುದನ್ನು ಮೇಜಿನ ಮುಂದೆ ಕೂತವರು ಕಣ್ಣಿನಿಂದಲೇ ತಿಳಿಯಬೇಕು. ವೇಗ ಹೆಚ್ಚಾಯಿತೇ ಎಂದು ನೋಡಲು ದೂರದ ಬೆಟ್ಟ ಪ್ರಯೋಜನವಿಲ್ಲ; ಪಕ್ಕದ ಕಿಟಕಿಯ ಕೆಳಗೆ ಕಾಂಕ್ರೀಟಿನ ಸಂದುಗಳು ಸರಿಯುವುದನ್ನು ನೋಡಬೇಕು. ಮೂತಿ ಎಷ್ಟು ತಗ್ಗಿದೆ ಎಂಬುದನ್ನು ಗಾಜಿನ ಚೌಕಟ್ಟು ದಿಗಂತವನ್ನು ಎಲ್ಲಿ ಕತ್ತರಿಸುತ್ತದೆ ಎಂಬುದರಿಂದ ಅಳೆಯಬೇಕು.

ಮೈಗೂ ತಿಳಿಸುವ ಸಿಮ್ಯುಲೇಟರುಗಳು ಬೇರೆ ಇವೆ. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ ಹುಟ್ಟುಹಾಕಿದ ಹ್ಯಾಟ್ಸಾಫ್ ಎಂಬ ತರಬೇತಿ ಕೇಂದ್ರದಲ್ಲಿ ಇಡೀ ಕಾಕ್‌ಪಿಟ್ಟನ್ನೇ ಹೊತ್ತು ಓಲಾಡಿಸುವ ಯಂತ್ರವಿದೆ. ಧ್ರುವದಂಥ ಹೆಲಿಕಾಪ್ಟರುಗಳ ಪೈಲಟ್‌ಗಳು ಕೂರುವ ಜಾಗ ಅದು. ನಮ್ಮಂಥವರ ಮೇಜಿನದು ಅದರ ಬಡ ನೆಂಟ. ಆದರೆ ಬಡ ನೆಂಟನ ಬಳಿ ಸಮಯ ಬೇಕಾದಷ್ಟಿರುತ್ತದೆ. ಇಂಧನದ ಖರ್ಚಿಲ್ಲ, ಗೋಪುರದಿಂದ ಅವಸರಿಸುವ ನಿಯಂತ್ರಕನಿಲ್ಲ, ಹಿಂದೆ ಕಾಯುವ ವಿಮಾನವಿಲ್ಲ.

ಬೇರೆ ಹೆಲಿಕಾಪ್ಟರುಗಳ ಗಾಲಿಯ ರುಚಿಯನ್ನೂ ಒಂದಿಷ್ಟು ಹೇಳಿಬಿಡಬೇಕು. 2022ರಲ್ಲಿ ಡಿಸಿಎಸ್‌ಗೆ ಬಂದ ಅಪಾಚೆಯ ಮೂರನೇ ಗಾಲಿ ಬಾಲದ ತುದಿಯಲ್ಲಿದೆ, ಅದಕ್ಕೊಂದು ಬೀಗ. ಬೀಗ ತೆಗೆದರೆ ಸುತ್ತಲೂ ತಿರುಗುತ್ತದೆ, ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಬ್ರೇಕುಗಳು ಪೆಡಲಿನ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು. ಕಾಲ್ಬೆರಳಿನಿಂದ ಒಂದೇ ಗಾಲಿಯನ್ನು ಹಿಡಿದು ತಿರುಗಬಹುದು. ಕಲೆಕ್ಟಿವ್ ತೀರಾ ಕೆಳಗಿದ್ದು ಸ್ಟಿಕ್ಕನ್ನು ತಳ್ಳಿದರೆ ಬ್ಲೇಡುಗಳ ಬುಡ ತಡೆಗಳಿಗೆ ಬಡಿಯುವ ಕಾಟ ಇಲ್ಲೂ ಇದೆ. ಎಲ್ಲ ಅಚ್ಚುಕಟ್ಟು, ಎಲ್ಲ ಜಾಣ. ಆದರೂ ನನಗೆ ಒಂದು ಚೂರು ಸಪ್ಪೆ. 2008ರ ಬ್ಲ್ಯಾಕ್ ಶಾರ್ಕ್ ಎಂಬ ಸಿಮ್ಯುಲೇಟರಿನಲ್ಲಿ ಬಂದ ಕಾಮೋವ್ ಕೆಎ-50ಕ್ಕೆ ಬಾಲದ ರೋಟರೇ ಇಲ್ಲ. ಒಂದರ ಮೇಲೊಂದು ಎರಡು ರೋಟರುಗಳು ಎದುರು ಬದುರಾಗಿ ಸುತ್ತುವುದರಿಂದ ಕಲೆಕ್ಟಿವ್ ಎತ್ತಿದರೂ ಮೂತಿ ಕದಲುವುದಿಲ್ಲ. ಎಂಐ-8ರಲ್ಲಿ ದಿನವಿಡೀ ದುಡಿಯುವ ಬಲ ಪಾದಕ್ಕೆ ಅಲ್ಲಿ ಬಿಡುವು. ಬಿಡುವಾದ ಪಾದಕ್ಕೆ ಏನೋ ಕಳೆದುಕೊಂಡಂತೆ.

ಯುಎಚ್-1 ಹ್ಯೂಯಿಗೆ ಗಾಲಿಯಿಲ್ಲ, ಸ್ಕಿಡ್ ಎಂಬ ಎರಡು ಕೊಳವೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ 2022ರ ನವೆಂಬರಿನಲ್ಲಿ ಹೆಲಿಕಾಪ್ಟರುಗಳು ಬಂದಾಗ ಸೇರಿಸಿದ ಬೆಲ್ 407, ಕ್ಯಾಬ್ರಿ ಜಿ2, ಎರಡೂ ಸ್ಕಿಡ್ ಮೇಲೆ ಕೂರುವಂಥವೇ. ಅವುಗಳಲ್ಲಿ ಟ್ಯಾಕ್ಸಿ ಎಂದರೆ ನೆಲದಿಂದ ಒಂದೆರಡು ಮೀಟರ್ ಮೇಲೆ ತೇಲಿಕೊಂಡು ಹೋಗುವುದು. ಅದಕ್ಕೂ ಕೈಚಳಕ ಬೇಕು, ಅಲ್ಲಗಳೆಯುವುದಿಲ್ಲ. ಆದರೆ ಅದು ಹಾರಾಟವೇ, ತಗ್ಗಿನಲ್ಲಿ ನಡೆದದ್ದು ಅಷ್ಟೆ. ಭಾರವಾದ ಹೆಲಿಕಾಪ್ಟರ್ ಹಾಗೆ ತೇಲಿದರೆ ಕೆಳಗೆ ಬೀಸುವ ಗಾಳಿಗೆ ದೂಳು, ಕಲ್ಲು, ಪಕ್ಕದಲ್ಲಿ ನಿಂತ ಚಿಕ್ಕ ವಿಮಾನ ಯಾವುದಕ್ಕೂ ನೆಮ್ಮದಿಯಿಲ್ಲ. ದೊಡ್ಡವುಗಳಿಗೆ ಗಾಲಿ ಬಂದದ್ದಕ್ಕೆ ಅದೂ ಒಂದು ಕಾರಣ. ಹಗುರವಾದವುಗಳಿಗೆ ಸ್ಕಿಡ್ ಸಾಕು, ತೂಕವೂ ಕಡಿಮೆ. ಈ ಎರಡು ಪಂಗಡ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಅಕ್ಕಪಕ್ಕದಲ್ಲಿ ತಯಾರಾದವು: ಚೇತಕ್‌ಗೆ ಮೂರು ಗಾಲಿ, ಅದರ ಹತ್ತಿರದ ಸಂಬಂಧಿ ಚೀತಾಕ್ಕೆ ಸ್ಕಿಡ್. ಧ್ರುವದಲ್ಲಂತೂ ಒಂದೇ ಹೆಲಿಕಾಪ್ಟರಿಗೆ ಎರಡು ಬಗೆಯ ಕಾಲು. ಸೇನೆಗೆ ಹೋದದ್ದು ಸ್ಕಿಡ್ ಮೇಲೆ, ನೌಕಾಪಡೆಗೆ ಹೋದದ್ದು ಗಾಲಿಯ ಮೇಲೆ. ಹಡಗಿನ ಅಟ್ಟದ ಮೇಲಿಂದ ಗೂಡಿನೊಳಗೆ ದೂಡಿಕೊಂಡು ಹೋಗಬೇಕಲ್ಲ.

ಗಾಲಿಯ ಗಂಭೀರ ಉಪಯೋಗ ಕಾಣಬೇಕಾದರೆ ಎಂಐ-24ರ ಬಳಿ ಹೋಗಬೇಕು. ಅಫ್ಗಾನಿಸ್ತಾನದ ಬಿಸಿಲು ಮತ್ತು ಎತ್ತರದ ತೆಳುಗಾಳಿಯಲ್ಲಿ ತುಂಬಿದ ಭಾರದೊಂದಿಗೆ ನಿಂತಲ್ಲೇ ಮೇಲೇಳಲು ಆಗದಿದ್ದಾಗ ಸೋವಿಯತ್ ಪೈಲಟ್‌ಗಳು ಅದನ್ನು ರನ್‌ವೇ ಮೇಲೆ ವಿಮಾನದಂತೆ ಓಡಿಸಿ ಎಬ್ಬಿಸುತ್ತಿದ್ದರು. ಬಾಲ ಎತ್ತಿ, ಮೂತಿಯ ಗಾಲಿಯ ಮೇಲಷ್ಟೇ ಓಡುತ್ತ. ವೇಗ ಬಂದಂತೆ ರೋಟರಿಗೆ ಕದಡದ ಹೊಸ ಗಾಳಿ ಸಿಗುತ್ತದೆ, ಅದೇ ಶಕ್ತಿಗೆ ಹೆಚ್ಚು ಎತ್ತುವ ಬಲ ಬರುತ್ತದೆ. ಸಿಮ್ಯುಲೇಟರಿನಲ್ಲಿ ಎಂಐ-8ಕ್ಕೆ ಹದಿಮೂರು ಟನ್ ತುಂಬಿ ಹೀಗೆ ಓಡಿಸಿದರೆ, ಗಾಲಿಗಳ ಕೆಳಗಿನ ಗಡಗಡ ಸದ್ದು ತೆಳುವಾಗುತ್ತ ಬಂದು ಯಾವಾಗ ನಿಂತಿತೆಂದು ತಿಳಿಯುವುದೇ ಇಲ್ಲ. ಮೇಲೆದ್ದ ಗಳಿಗೆ ಇದೇ ಎಂದು ಬೆರಳಿಟ್ಟು ತೋರಿಸಲಾಗದ ಈ ಮೇಲೇಳುವಿಕೆ ನೆಟ್ಟಗೆ ಜಿಗಿಯುವುದಕ್ಕಿಂತ ನೂರು ಪಾಲು ಚಂದ.

ಈ ಅರ್ಧ ಭಾರದ ಸ್ಥಿತಿಗೆ ಒಂದು ಕರಾಳ ಮುಖವೂ ಇದೆ. ಬ್ಲೇಡುಗಳು ಬುಡದಲ್ಲಿ ಕೀಲುಗಳ ಮೇಲೆ ಹಿಂದೆಮುಂದೆ ಆಡುತ್ತವೆ. ಅವುಗಳ ನಡುವಿನ ಅಂತರ ಕೆಟ್ಟು ರೋಟರಿನ ತೂಕದ ನಡು ಪಕ್ಕಕ್ಕೆ ಸರಿದರೆ, ಆ ಓಲಾಟದ ಗತಿಯೂ ಟೈರು ಮತ್ತು ಶಾಕ್ ಅಬ್ಸಾರ್ಬರುಗಳ ಮೇಲೆ ಮೈ ತೂಗುವ ಗತಿಯೂ ಒಂದಕ್ಕೊಂದು ಕೂಡಿಬಿಟ್ಟರೆ, ಕೆಲವೇ ಸೆಕೆಂಡುಗಳಲ್ಲಿ ತೂಗಾಟ ಬೆಳೆದು ಹೆಲಿಕಾಪ್ಟರ್ ತನ್ನನ್ನು ತಾನೇ ಕುಟ್ಟಿ ಪುಡಿ ಮಾಡಿಕೊಳ್ಳುತ್ತದೆ. ರೋಟರ್ ಪೂರ್ತಿ ವೇಗದಲ್ಲಿದ್ದರೆ ಬದುಕುವ ದಾರಿ ನೆಲ ಬಿಟ್ಟು ಎದ್ದುಬಿಡುವುದು. ಮುಟ್ಟಿಕೊಂಡಿರುವ ನೆಲವೇ ರೋಗದ ಮೂಲ. ಎಂಐ-8ರ ಬ್ಲೇಡುಗಳ ಬುಡದಲ್ಲಿ ಈ ಆಟವನ್ನು ತಣಿಸಲೆಂದೇ ಡ್ಯಾಂಪರುಗಳಿವೆ. ಇದನ್ನು ತಿಳಿದ ಮೇಲೆ, ಬ್ರೇಕ್ ಹಿಡಿದು ನಿಂತಾಗ ಕಾಕ್‌ಪಿಟ್ಟು ತೂಗುವುದನ್ನು ಮೊದಲಿನಷ್ಟು ಹಗುರವಾಗಿ ಸವಿಯಲಾಗುವುದಿಲ್ಲ. ಸವಿಯುವುದು ಬಿಡುವುದಂತೂ ಇಲ್ಲ.

ನಿಲ್ಲಿಸುವುದರಲ್ಲಿ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಮೂತಿ ತಲೆಯಾಡಿಸಬಾರದು. ನಿಲ್ಲಬೇಕಾದ ಜಾಗ ಇನ್ನೂ ದೂರ ಇರುವಾಗಲೇ ಸ್ಟಿಕ್ಕನ್ನು ನಡುವಿಗೆ ತಂದು, ಎಳೆತ ತಪ್ಪಿಸಿ, ಗಾಲಿಗಳನ್ನು ತಮ್ಮ ಪಾಡಿಗೆ ಉರುಳಲು ಬಿಡಬೇಕು. ಕಲೆಕ್ಟಿವನ್ನು ಇಳಿಸುತ್ತ ಭಾರವನ್ನು ನೆಲಕ್ಕೆ ಕೊಡಬೇಕು, ಇಳಿಸಿದಷ್ಟೂ ಬಲ ಪಾದವನ್ನು ಹಿಂದಕ್ಕೆ ತರಬೇಕು. ಕೊನೆಗೆ ಬೆರಳು. ಅದುಮಿ, ನಿಲ್ಲುವುದಕ್ಕೆ ಒಂದು ಕ್ಷಣ ಮುಂಚೆ ಸಡಿಲಿಸಿ, ನಿಂತ ಮೇಲೆ ಪೂರ್ತಿ ಹಿಡಿಯಬೇಕು. ಆ ಸಡಿಲಿಸುವ ಕ್ಷಣ ಸರಿಯಾಗಿ ಸಿಕ್ಕರೆ ಮುಂದಿನ ಕಾಲು ಕುಗ್ಗಿ ಮೇಲೇಳುವುದಿಲ್ಲ, ದಿಗಂತ ಗಾಜಿನ ಚೌಕಟ್ಟಿನಲ್ಲಿ ಇದ್ದಲ್ಲೇ ಇರುತ್ತದೆ. ಆಮೇಲೆ ಪಾರ್ಕಿಂಗಿಗೆಂದು ಬ್ರೇಕನ್ನು ಸಿಕ್ಕಿಸಿ, ಅದು ಸಿಕ್ಕಿಕೊಂಡಿದೆಯೇ ಎಂದು ಗಡಿಯಾರ ನೋಡಿಕೊಳ್ಳಬೇಕು.

ಮುಂದೆ ರನ್‌ವೇ ಖಾಲಿ ಇರುತ್ತದೆ, ಹಾರಲು ಯಾರ ಅಡ್ಡಿಯೂ ಇರುವುದಿಲ್ಲ. ಎಷ್ಟೋ ಸಂಜೆ ನಾನು ಬಟೂಮಿಯ ಏಪ್ರನ್ನಿನಿಂದ ಹೊರಟು, ಟ್ಯಾಕ್ಸಿವೇ ಸುತ್ತಿ, ಹೊರಟ ಜಾಗಕ್ಕೇ ಬಂದು, ಹಾರದೆಯೇ ಎರಡೂ ಎಂಜಿನ್ ಆರಿಸಿ ಊಟಕ್ಕೆ ಏಳುತ್ತೇನೆ.